ಗಾಜಿನ ಮೇಲೊಂದು ಕಿವಿ

"ಇದು ಒಳ್ಳೆ ಬಲ್ಬಾ, ಕೆಟ್ಟದ್ದಾ? ಸುಮ್ನೆ ನೋಡಿ ಹೇಳಿ," ಎಂದು ಟೀಚರಮ್ಮ ಹೊಸ ಬಲ್ಬೊಂದನ್ನು ಮ್ಯಾನೇಜರರ ಕೈಗೆ ಕೊಟ್ಟರು.

ಮ್ಯಾನೇಜರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಕೊನೆಗೆ ಗಾಜಿನ ಮೇಲೆ ಅಚ್ಚಾಗಿದ್ದುದನ್ನು ಓದಿದರು. "ಅರವತ್ತು ವಾಟ್."

"ಓದೋಕೆ ನನಗೂ ಬರುತ್ತೆ. ಒಳ್ಳೇದಾ, ಕೆಟ್ಟದ್ದಾ?"

"ಹೋಲ್ಡರಿಗೆ ಹಾಕಿದ್ರೆ ತಾನೇ ಗೊತ್ತಾಗೋದು?"

"ಸರಿ. ನೀವು ಕಳ್ಳರಲ್ಲ. ಆ ಕಡೆ ಕೂತ್ಕೊಳ್ಳಿ."

ತಾವು ಬರೆದದ್ದು ಯಾವ ಪರೀಕ್ಷೆ, ಪಾಸಾದದ್ದು ಹೇಗೆ ಎಂದು ತಿಳಿಯದಿದ್ದರೂ ಮ್ಯಾನೇಜರರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕರವಸ್ತ್ರದಿಂದ ಬೋಳುತಲೆ ಒರೆಸಿಕೊಂಡು ಕುರ್ಚಿಗೆ ಒರಗಿದರು.

ಬಲ್ಬ್ ಕಾರ್ಖಾನೆಯ ಹಜಾರದಲ್ಲಿ ನೂರ ಇಪ್ಪತ್ತೈದು ವರ್ಷದಿಂದ ಆರದೆ ಉರಿಯುತ್ತಿದ್ದ 'ಅಜ್ಜಿ'ಯನ್ನು ಯಾರೋ ಇಳಿಸಿಕೊಂಡು, ಅದೇ ಜಾಗಕ್ಕೆ ನಕಲಿಯೊಂದನ್ನು ತೂಗುಹಾಕಿ ಹೋಗಿ ಇವತ್ತಿಗೆ ನಾಲ್ಕು ದಿನ.

ಅಜ್ಜಿ ಎಂದರೆ ಸಾಮಾನ್ಯಳಲ್ಲ. ವಿದ್ಯುತ್ ದೀಪವೆಂದರೆ ಜನ ಬಾಯಿಬಿಟ್ಟು ನೋಡುತ್ತಿದ್ದ ಕಾಲದಲ್ಲಿ ಈ ಕಾರ್ಖಾನೆ ಕಟ್ಟಿದಾತ ಹತ್ತಿಯ ದಾರವನ್ನು ಸುಟ್ಟು ಇದ್ದಿಲಿನ ಎಳೆ ಮಾಡಿದ, ಅದನ್ನು ಗಾಜಿನ ಬುರುಡೆಯೊಳಗೆ ಕೂರಿಸಿದ, ಒಳಗಿನ ಗಾಳಿಯನ್ನೆಲ್ಲ ಹೊರಗೆಳೆದು ಬುರುಡೆಯ ಬಾಯಿ ಮುಚ್ಚಿದ. ಕೈಯಾರೆ ಮಾಡಿದ ಆ ಮೊದಲ ಬಲ್ಬೇ ಅಜ್ಜಿ. ನಾಳೆ ಹನ್ನೊಂದು ಗಂಟೆಗೆ ಅವಳ ಹುಟ್ಟುಹಬ್ಬ. ಜಗತ್ತಿನ ಹಳೆಯ ದೀಪಗಳ ಪಟ್ಟಿಗೆ ಅವಳನ್ನು ಸೇರಿಸಲು ದೂರದಿಂದ ಪರೀಕ್ಷಕರ ತಂಡವೊಂದು ಬರುವುದಿತ್ತು.

ಹಜಾರದ ಬೀಗದ ಕೈ ಇದ್ದದ್ದು ಒಬ್ಬರ ಸೊಂಟದಲ್ಲಿ ಮಾತ್ರ. ಅವರು ಟೀಚರಮ್ಮನ ಅಕ್ಕನ ಗಂಡ. ನಲವತ್ತೊಂದು ವರ್ಷದಿಂದ ಅಜ್ಜಿಯನ್ನು ಕಾದವರು, ಒರೆಸಿದವರು, ಬಂದವರಿಗೆಲ್ಲ ಅವಳ ಕಥೆ ಹೇಳಿದವರು. ಸೋಮವಾರ ಬೆಳಿಗ್ಗೆ "ಇವಳು ನಮ್ಮ ಅಜ್ಜಿ ಅಲ್ಲ!" ಎಂದು ಕಾರ್ಖಾನೆಯೆಲ್ಲ ಕೇಳುವಂತೆ ಕೂಗಿದವರೂ ಅವರೇ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೂಗಿದವರ ಕೊರಳಿಗೇ ಉರುಳು ಬಿತ್ತು. ಸಂಜೆ ನಾಲ್ಕರೊಳಗೆ ಅಜ್ಜಿ ಸಿಗದಿದ್ದರೆ ಭಾವನ ಮೇಲೆ ಪೊಲೀಸರಿಗೆ ದೂರು ಕೊಡುವುದಾಗಿ ಮ್ಯಾನೇಜರ್ ಹೇಳಿಬಿಟ್ಟಿದ್ದರು.

ಈಗ ಗಂಟೆ ಎರಡು.

"ನಿನ್ನ ಭಾವ ಕಳ್ಳ ಅನ್ನಿಸಿಕೊಂಡ್ರೆ ನಾನು ಬದುಕಿದ್ದೂ ಸತ್ತ ಹಾಗೆ ಕಣೇ," ಎಂದು ಅಕ್ಕ ಬೆಳಿಗ್ಗೆ ಊಟದ ಡಬ್ಬಿ ಕಟ್ಟುತ್ತಾ ಹೇಳಿದ್ದಳು. ಮದುವೆಗೆ ಮೊದಲು ಅವಳೂ ಇದೇ ಕಾರ್ಖಾನೆಯಲ್ಲಿ ಬಲ್ಬಿನೊಳಗೆ ಎಳೆ ಕೂರಿಸುವ ಕೆಲಸದಲ್ಲಿದ್ದವಳು. ಗಂಡನಷ್ಟೇ ಕಾರ್ಖಾನೆಯನ್ನೂ ಕಟ್ಟಿಕೊಂಡವಳು.

ಟೀಚರಮ್ಮ ಹೋದ ವರ್ಷವಷ್ಟೇ ವಿಜ್ಞಾನದ ಪಾಠ ಮುಗಿಸಿ ಶಾಲೆಯಿಂದ ನಿವೃತ್ತರಾಗಿದ್ದರು. ಪತ್ತೇದಾರಿಕೆ ಅವರಿಗೆ ಹೊಸದೇನೂ ಅಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಬೆಂಚಿನ ಮೇಲೆ ಮಸಿ ಚೆಲ್ಲಿದವರು ಯಾರೆಂದು ಕಂಡುಹಿಡಿಯುವವರ ಮುಂದೆ ಯಾವ ಪೊಲೀಸು ನಿಂತಾನು?

"ಪಂಪಿನ ತಾತ, ನೀವು ಬನ್ನಿ," ಎಂದರು.

ಬಲ್ಬುಗಳಿಂದ ಗಾಳಿ ಎಳೆಯುವ ಪಂಪಿನ ಬಳಿಯೇ ಐವತ್ತು ವರ್ಷ ಕಳೆದ ಮುದುಕ ಬಂದ. ಬಲ್ಬಿನ ಲೋಹದ ಬುಡವನ್ನು ಬಟ್ಟೆಯಲ್ಲಿ ಹಿಡಿದು, ಬುರುಡೆಯನ್ನು ಬಲಗಿವಿಗೆ ಒತ್ತಿಕೊಂಡು ಉಗುರಿನಿಂದ ಟಿಣ್ ಎಂದು ಹೊಡೆದ. ಕಿವಿಯೊಳಗಿದ್ದ ಯಂತ್ರ ಕುಂಯ್ ಎಂದು ಕಿರುಚಿತು.

"ಕೆಟ್ಟಿದೆ," ಎಂದ ತಾತ.

"ಬಲ್ಬಾ, ಕಿವಿಯಾ?" ಎಂದು ಯಾರೋ ಹಿಂದಿನಿಂದ ಕೇಳಿದರು. ನಗು ಎದ್ದಿತು.

ಆಮೇಲೆ ಭಾವ. ನಾಲ್ಕು ದಿನದಿಂದ ಮುಖಕ್ಕೆ ಕತ್ತಿ ತಾಗಿಸಿರಲಿಲ್ಲ, ಬಿಳಿ ಗಡ್ಡ ಮೊಳೆತಿತ್ತು. ಆದರೂ ಬಲ್ಬು ಕೈಗೆ ಬಂದೊಡನೆ ಅವರ ಬೆನ್ನು ನೆಟ್ಟಗಾಯಿತು. ಬಲಗಿವಿಗೆ ಇಟ್ಟು, ಉಗುರಿನಿಂದ ಹೊಡೆದು, ಕಣ್ಣು ಮುಚ್ಚಿ ಕೇಳಿದರು. ಅಜ್ಜಿಯ ಕಾವಲಿಗೆ ಬರುವ ಮೊದಲು ಗಾಜು ಊದುತ್ತಾ, ಕುಲುಮೆಗೆ ಗಾಳಿ ನುಗ್ಗಿಸುವ ಬ್ಲೋವರಿನ ಪಕ್ಕದಲ್ಲಿ ದುಡಿದ ದಿನಗಳಲ್ಲೇ ಅವರ ಎಡಗಿವಿ ಕೈಕೊಟ್ಟಿತ್ತು. "ಎಳೆಯ ಒಂದು ಕಾಲು ಸಡಿಲ. ಹತ್ತು ದಿನ ಉರಿದ್ರೆ ಹೆಚ್ಚು."

ಕೊನೆಗೆ ಗಾಜು ಊದುವ ಗಾಳಿಯಕ್ಕ. ಕಾರ್ಖಾನೆಯಲ್ಲಿ ಈಗ ಕೊಳವೆಗೆ ಬಾಯಿಟ್ಟು ಬುರುಡೆ ಊದಬಲ್ಲವಳು ಇವಳೊಬ್ಬಳೇ, ಉಳಿದದ್ದೆಲ್ಲ ಯಂತ್ರದ ಪಾಲಾಗಿದೆ. ಕೈ ಒರೆಸಿಕೊಳ್ಳುತ್ತಾ ಬಂದವಳು ಬಲ್ಬನ್ನು ಥಟ್ಟನೆ ಎಡಗಿವಿಗೆ ಇಟ್ಟುಕೊಂಡಳು.

"ಯಾವ ಕತ್ತೆ ಕೂರಿಸಿದ್ದು ಇದನ್ನ? ಎಳೆ ಕುಣಿಯುತ್ತೆ ಒಳಗೆ!"

ಅವಳ ಕಿವಿಯಲ್ಲಿ ಐದು ಕಲ್ಲಿನ ಓಲೆ ಮಿನುಗಿತು. ಟೀಚರಮ್ಮನಿಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಸಂಕಟ. ಈ ಹುಡುಗಿ ಎಂದರೆ ಅವರಿಗೆ ತುಂಬಾ ಇಷ್ಟ.

"ಆಯ್ತು, ಎಲ್ಲರೂ ಕೆಲಸಕ್ಕೆ ಹೋಗಿ. ಗಾಳಿಯಕ್ಕ, ನಿನ್ನ ಕುಲುಮೆ ನೋಡ್ಬೇಕು ಅಂತ ಬಹಳ ದಿನದ ಆಸೆ ನನಗೆ."

ಗಾಜೂದುವ ಕೋಣೆ ಚಿಕ್ಕದು, ಬಿಸಿ, ಅಚ್ಚುಕಟ್ಟು. ಗೋಡೆಗೆ ಉದ್ದುದ್ದ ಗಾಜಿನ ಕೊಳವೆಗಳು ಒರಗಿದ್ದವು. ಮೇಜಿನ ಮೇಲೆ ನೀಲಿ ಜ್ವಾಲೆ ಸುಯ್ಯೆನ್ನುತ್ತಿತ್ತು. ಟೀಚರಮ್ಮ ಸ್ಟೂಲೊಂದರ ಮೇಲೆ ಕೂತರು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಆ ಚೀಲದಲ್ಲಿ ಭೂತಗನ್ನಡಿ, ಮೀಟರು, ಅಯಸ್ಕಾಂತ, ಶುಂಠಿ ಪೆಪ್ಪರಮಿಂಟು ಸದಾ ಇರುತ್ತಿದ್ದವು.

"ಓಲೆ ಚೆನ್ನಾಗಿದೆ."

"ಅಮ್ಮ ಕೊಟ್ಟಿದ್ದು ಟೀಚರಮ್ಮ. ಸ್ನಾನಕ್ಕೂ ತೆಗೆಯಲ್ಲ."

"ತೆಗೀಬೇಕಾಗಿತ್ತು," ಎಂದು ಟೀಚರಮ್ಮ ಚೀಲದಿಂದ ಹತ್ತಿ ಸುತ್ತಿದ ಪೊಟ್ಟಣ ಬಿಚ್ಚಿದರು.

ಹಜಾರದಲ್ಲಿ ತೂಗುತ್ತಿದ್ದ ನಕಲಿ ಅದು. ಬೆಳಿಗ್ಗೆ ಟೀಚರಮ್ಮ ಮ್ಯಾನೇಜರರನ್ನು ಕಾಡಿ ಬೇಡಿ ಇಳಿಸಿಕೊಂಡಿದ್ದರು. ಬೆರಳಿನ ಗುರುತು ಒಂದೂ ಇರಲಿಲ್ಲ. ಬಲ್ಬು ಮಾಡುವವರು ಬುರುಡೆಯನ್ನು ಬರಿಗೈಯಲ್ಲಿ ಮುಟ್ಟುವವರೇ ಅಲ್ಲ. ಆದರೆ ಬುರುಡೆಯ ಹೊಟ್ಟೆಯ ಮೇಲೆ ತೆಳ್ಳಗೆ, ಕಂದು ಬಣ್ಣದಲ್ಲಿ ಒಂದು ಬಾಗು, ಅದರೊಳಗೊಂದು ಚಿಕ್ಕ ಬಾಗು, ಕೆಳಗೆ ಹಾಲೆಯ ಗುಂಡು. ತಲೆಗೆ ಹಚ್ಚಿದ ಎಣ್ಣೆ ಕಿವಿಗಿಳಿದು, ಕಿವಿಯಿಂದ ಗಾಜಿಗಂಟಿ, ನಾಲ್ಕು ದಿನದ ಬಿಸಿಗೆ ಕಂದಿ ಮೂಡಿದ ಚಿತ್ರ. ಎಡಗಿವಿ. ಹಾಲೆಯ ನಡುವೆ ಐದು ಚುಕ್ಕೆ.

ಈ ಕಾರ್ಖಾನೆಯವರಲ್ಲದೆ ಬೇರೆ ಯಾವ ಕಳ್ಳನೂ ಕದಿಯುವ ಹೊತ್ತಿನಲ್ಲಿ ಬಲ್ಬನ್ನು ಕಿವಿಗಿಟ್ಟು ಯೋಗಕ್ಷೇಮ ವಿಚಾರಿಸುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಹತ್ತುವ ಚಟ ಅದು, ಸಾಯುವ ತನಕ ಬಿಡುವುದಿಲ್ಲ.

ಗಾಳಿಯಕ್ಕ ಬಗ್ಗಿ ನೋಡಿದಳು. ಟೀಚರಮ್ಮ ಅಳು ಬರುತ್ತದೆಂದು ಕರವಸ್ತ್ರ ಸಿದ್ಧ ಮಾಡಿಕೊಂಡರು.

"ಅಯ್ಯೋ, ನನ್ನ ಕಿವಿ!" ಎಂದು ಅವಳು ಪಕಪಕನೆ ನಕ್ಕುಬಿಟ್ಟಳು. "ಎಷ್ಟು ಚೆನ್ನಾಗಿ ಬಿದ್ದಿದೆ ನೋಡಿ ಟೀಚರಮ್ಮ! ಫೋಟೋದಲ್ಲೂ ಇಷ್ಟು ಚೆನ್ನಾಗಿ ಬಂದಿಲ್ಲ ನಾನು."

"ನಗ್ತೀಯಲ್ಲೇ! ನಿನ್ನ ಮಾವನಂಥವರು ಅಲ್ಲಿ ಗಡ್ಡ ಬಿಟ್ಕೊಂಡು ಕೂತಿದ್ದಾರೆ."

ನಗು ಅಲ್ಲೇ ನಿಂತಿತು. ಬಿಕ್ಕು ಈಗ ಬಂತು. ಗಾಜೂದುವುದನ್ನು ಅವಳಿಗೆ ಕಲಿಸಿದ್ದು ಭಾವನೇ. ಅವರನ್ನು ಅವಳು ಮಾವ ಎಂದೇ ಕರೆಯುತ್ತಿದ್ದಳು.

"ಕದ್ದಿಲ್ಲ ಟೀಚರಮ್ಮ, ಉಳಿಸಿದ್ದು. ಹೋದ ತಿಂಗಳು ಧೂಳು ಒರೆಸೋಕೆ ಮಾವನ ಬದಲು ನಾನು ಏಣಿ ಹತ್ತಿದ್ದೆ, ಅವರಿಗೆ ಮಂಡಿನೋವು. ಹತ್ರ ಹೋದ್ರೆ ಅಜ್ಜಿ ಒಳಗೆ ಜೀಂ ಅಂತಿದ್ಲು. ಎಳೆ ಸವೆದು ಕೂದಲಾಗಿದೆ ಅಂತ ಗೊತ್ತಾಯ್ತು. ಹುಟ್ಟುಹಬ್ಬದ ದಿನ ಅಷ್ಟು ಜನರ ಮುಂದೆ ಪಕ್ ಅಂತ ಹೋಗ್ಬಿಟ್ರೆ? ಮಾವ ಅಲ್ಲೇ ಕುಸಿದು ಬೀಳ್ತಿದ್ರು."

"ಅದಕ್ಕೆ?"

"ಅದಕ್ಕೆ ಅಜ್ಜಿ ಥರಾನೇ ಒಂದು ಮಾಡ್ದೆ. ಹಬ್ಬ ಮುಗಿಯೋ ತನಕ ಇದು ಉರೀಲಿ, ಆಮೇಲೆ ಅಜ್ಜೀನ ವಾಪಸ್ ಏರಿಸೋಣ ಅಂತ. ದಾರ ಸುಟ್ಟು ಇದ್ದಿಲು ಮಾಡೋದು ಅಂದ್ರೆ ಏನು ಅಂದ್ಕೊಂಡ್ರಿ? ಸ್ವಲ್ಪ ಗಾಳಿ ತಾಗಿದ್ರೆ ಬೂದಿ, ಸ್ವಲ್ಪ ಅವಸರ ಮಾಡಿದ್ರೆ ಪುಡಿ. ನಾಲ್ಕು ಹೋಯ್ತು. ಐದನೇದು ಹತ್ತಿಕೊಂಡಾಗ ನಾನೊಬ್ಳೇ ಇಲ್ಲಿ ಕುಣಿದಿದ್ದೀನಿ." ಅವಳು ಮೂಗು ಒರೆಸಿಕೊಂಡಳು. "ಗಾಜು ನೋಡಿ. ಒಂದು ಗುಳ್ಳೆ ಇದ್ರೆ ತೋರ್ಸಿ."

ಟೀಚರಮ್ಮ ಭೂತಗನ್ನಡಿ ಹಿಡಿದು ನೋಡಿದರು. ಒಂದೂ ಇರಲಿಲ್ಲ. ಯಾವ ಹೊಸ ಯಂತ್ರವೂ ಇಲ್ಲದೆ ಒಬ್ಬ ಹೆಣ್ಣುಮಗಳು ನೂರ ಇಪ್ಪತ್ತೈದು ವರ್ಷದ ಹಿಂದಿನ ಕೆಲಸವನ್ನು ಹಿಂದಿನವರಂತೆಯೇ ಮಾಡಿ ತೋರಿಸಿದ್ದಳು. ಬೈಯಬೇಕಾದ ಜಾಗದಲ್ಲಿ ಟೀಚರಮ್ಮನಿಗೆ ಚಪ್ಪಾಳೆ ತಟ್ಟಬೇಕೆನಿಸಿತು.

"ಬೀಗದ ಕೈ ಭಾವನ ಹತ್ರ ಇತ್ತಲ್ಲ?"

ಗಾಳಿಯಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮಾವ ದಿನಾ ಊಟ ಆದ್ಮೇಲೆ ಎರಡರಿಂದ ಮೂರೂವರೆ ತನಕ ಹಜಾರದಲ್ಲೇ, ಅಜ್ಜಿ ಕೆಳಗೇ, ಬಟ್ಟೆ ಹಾಸ್ಕೊಂಡು..."

"ನಿದ್ದೆ?"

"ಗೊರಕೆ ಸಮೇತ. ಗಾಳಿಗೆ ಅಂತ ಬಾಗಿಲು ತೆಗೆದಿಟ್ಟಿರ್ತಾರೆ. ನಾನು ಏಣಿ ಹಾಕಿ, ಹತ್ತಿ, ಬಿಚ್ಚಿ, ಸಿಕ್ಕಿಸಿ, ಇಳಿದು ಬಂದೆ. ಅವರು ಮಗ್ಗುಲು ಬದಲಾಯಿಸಿದ್ರು, ಅಷ್ಟೇ."

ಟೀಚರಮ್ಮ ಹಣೆ ಚಚ್ಚಿಕೊಂಡರು. ನಾಲ್ಕು ದಿನದಲ್ಲಿ ನಾಲ್ಕು ಸಲ ಭಾವನನ್ನು ಕೇಳಿದ್ದರು. ಭಾನುವಾರ ಮಧ್ಯಾಹ್ನವೆಲ್ಲ ಏನು ಮಾಡ್ತಿದ್ರಿ? ನಾಲ್ಕು ಸಲವೂ ಒಂದೇ ಉತ್ತರ. "ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ." ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಕಾರ್ಖಾನೆಗೆಲ್ಲ ತಿಳಿದದ್ದನ್ನು ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ ಪುಣ್ಯಾತ್ಮ ಅವರು. ಜೈಲಿಗಾದರೂ ಹೋದಾರು, ಕೆಲಸದ ಹೊತ್ತಿನಲ್ಲಿ ಮಲಗಿದ್ದೆ ಎಂದು ಒಪ್ಪಿಕೊಳ್ಳಲಾರರು.

ಆ ನಿದ್ದೆಯೇ ನಕಲಿಯನ್ನು ಹಿಡಿದುಕೊಟ್ಟದ್ದು. ಅಜ್ಜಿಯ ಬುರುಡೆಯೊಳಗೆ ಕಟ್ಟಿದ ಮಸಿಯ ಮಸುಕು ನೆರಳು ನೆಲದ ಮೇಲೆ ಬೀಳುತ್ತಿತ್ತು. ಅದು ಕಾಣೆಯಾದದ್ದು ತಿಳಿಯಬೇಕಾದರೆ ನೆಲಕ್ಕೆ ಕೆನ್ನೆ ಇಟ್ಟು ಮಲಗಿ ಅಭ್ಯಾಸವಿರಬೇಕು.

"ಅವರು ಕೂಗಿದ ಕೂಡಲೇ ವಾಪಸ್ ಹಾಕ್ಬಾರ್ದಿತ್ತಾ?"

"ಹಾಕೋಣ ಅಂತ ಓಡಿ ಹೋದ್ರೆ ಮ್ಯಾನೇಜರ್ ಆಗಲೇ ಹಜಾರಕ್ಕೆ ಮೊಹರು ಹಾಕಿಸಿದ್ರು. ಪೊಲೀಸು ಅಂತ ಬೇರೆ ಶುರು ಮಾಡಿದ್ರು. ದಿನಾ ಹೇಳೋಣ ಅಂತ ಬರ್ತೀನಿ, ಮಾವನ ಮುಖ ನೋಡ್ತೀನಿ, ಬಾಯಿ ಕಟ್ಟಿಹೋಗುತ್ತೆ."

"ಅಜ್ಜಿ ಎಲ್ಲಿ?"

ಗಾಳಿಯಕ್ಕ ಮೇಜಿನ ಕೆಳಗಿಂದ ಹತ್ತಿ ತುಂಬಿದ ರಟ್ಟಿನ ಪೆಟ್ಟಿಗೆ ಎಳೆದಳು. ತೊಟ್ಟಿಲಿನಿಂದ ಕೂಸನ್ನು ಎತ್ತಿದಷ್ಟು ಮೆಲ್ಲಗೆ ಅಜ್ಜಿಯನ್ನು ಎತ್ತಿ ಟೀಚರಮ್ಮನ ಕೈಗಿಟ್ಟಳು. ಒಳಗೆಲ್ಲ ಮಸಿ ಹಿಡಿದು ಎಳೆಯೇ ಕಾಣುತ್ತಿರಲಿಲ್ಲ.

"ನಾನೂ ಕಿವಿಗಿಟ್ಟು ಕೇಳ್ದೆ," ಎಂದಳು. "ದನಿ ಸಣ್ಣಗಿತ್ತು. ವಯಸ್ಸಾಯ್ತಲ್ಲ ಪಾಪ, ಅಂದ್ಕೊಂಡೆ."

"ಹೋಗು, ಮುಖ ತೊಳ್ಕೊಂಡು ಬಾ. ಇಬ್ಬರೂ ಹೋಗಿ ಹೇಳೋಣ. ಬೈಗುಳ ಹಂಚ್ಕೊಳ್ಳೋಣ."

ಅವಳು ಹೋದಳು. ಟೀಚರಮ್ಮನ ಮನಸ್ಸು ಗರಿ ಬಿಚ್ಚಿತು. ಕಳ್ಳತನವಿಲ್ಲ, ಕಳ್ಳರಿಲ್ಲ, ಭಾವನ ತಲೆಯ ಮೇಲಿನ ಕತ್ತಿ ದೂರವಾಯಿತು. ಅಕ್ಕನ ಮುಖದಲ್ಲಿ ನಗು ನೋಡುವುದಷ್ಟೇ ಬಾಕಿ. ಪೆಪ್ಪರಮಿಂಟೊಂದನ್ನು ಬಾಯಿಗೆ ಹಾಕಿಕೊಂಡು, ಬಿಡುವಿದೆಯಲ್ಲ ಎಂದು ಮೀಟರು ತೆಗೆದರು. ಮೂವತ್ತಾರು ವರ್ಷ ಮಕ್ಕಳಿಗೆ 'ನೋಡಿದ್ದನ್ನು ಅಳೆಯದೆ ಬರೀಬೇಡಿ' ಎಂದು ಹೇಳಿದವರು, ತಾವೇ ಅಳೆಯದೆ ಬಿಡುವುದುಂಟೇ?

ಮೊದಲು ಗಾಳಿಯಕ್ಕನ ಬಲ್ಬು. ಮೀಟರಿನ ಎರಡು ತಂತಿ ಬುಡಕ್ಕೆ ತಾಗಿಸಿದರು. ಕರೆಂಟಿಗೆ ಎಳೆ ಒಡ್ಡುವ ತಡೆ ಮೂರು ಸಾವಿರ ಓಮ್‌ಗಿಂತ ಮೇಲೆ ತೋರಿಸಿತು. ಸರಿಯಾಗಿತ್ತು. ಇದ್ದಿಲಿನ ಎಳೆ ತಣ್ಣಗಿದ್ದಾಗ ಹಠಮಾರಿ, ಕರೆಂಟನ್ನು ಸುಲಭಕ್ಕೆ ಬಿಡುವುದಿಲ್ಲ. ಕಾದಂತೆಲ್ಲ ಮೆತ್ತಗಾಗುತ್ತದೆ. ಲೋಹದ ಎಳೆಯದು ಇದಕ್ಕೆ ತದ್ವಿರುದ್ಧ ಸ್ವಭಾವ. ತಣ್ಣಗಿದ್ದಾಗ ಸಾಧು, ಕಾದ ಮೇಲೆ ಹಠ. ಅತ್ತೆ ಸೊಸೆಯರ ಉದಾಹರಣೆ ಕೊಟ್ಟು ಅವರು ಇದನ್ನು ಪ್ರತಿ ವರ್ಷ ಕಲಿಸುತ್ತಿದ್ದರು.

ಆಮೇಲೆ ಅಜ್ಜಿ.

ನೂರ ಹದಿನೆಂಟು.

ಟೀಚರಮ್ಮ ಪೆಪ್ಪರಮಿಂಟು ಚೀಪುವುದನ್ನು ನಿಲ್ಲಿಸಿದರು. ತಂತಿ ಒರೆಸಿ ಮತ್ತೆ ತಾಗಿಸಿದರು. ನೂರ ಹದಿನೆಂಟು. ಮೀಟರೇ ಕೆಟ್ಟಿರಬಹುದೆಂದು ಗಾಳಿಯಕ್ಕನ ಬಲ್ಬನ್ನು ಇನ್ನೊಮ್ಮೆ ಅಳೆದರು, ಮೂರು ಸಾವಿರ. ಅಜ್ಜಿಯನ್ನು ಮೂರನೇ ಸಲ ಅಳೆದರು.

ನೂರ ಹದಿನೆಂಟೇ.

ಒಳಗಿದ್ದದ್ದು ಇದ್ದಿಲಲ್ಲ, ಲೋಹ. ಕಾರ್ಖಾನೆ ಹುಟ್ಟಿದ ವರ್ಷ ಇಲ್ಲಿ ಯಾರ ಕೈಗೂ ಸಿಕ್ಕಿರದ ಎಳೆ ಅದು. ಈ ಮಸಿ ಹಿಡಿದ ಮುದುಕಿಯೂ ಅಜ್ಜಿಯಲ್ಲ.

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಗಾಳಿಯಕ್ಕನಿಗೆ ಮುಖ ತೊಳೆಯುವಷ್ಟೂ ತಾಳ್ಮೆ ಇರಲಿಲ್ಲವೆಂದು ಕಾಣುತ್ತದೆ, ಕಂಡವರಿಗೆಲ್ಲ ಅಳುತ್ತಾ ನಗುತ್ತಾ ಹೇಳಿಬಿಟ್ಟಿದ್ದಳು. ಮುಂದೆ ಭಾವ, ಹಿಂದೆ ಮ್ಯಾನೇಜರ್, ಅವರ ಹಿಂದೆ ಪಂಪಿನ ತಾತ, ತಾತನ ಹಿಂದೆ ಅರ್ಧ ಕಾರ್ಖಾನೆ.

ಭಾವನಿಗೆ ಮಂಡಿನೋವು ಮರೆತೇಹೋಗಿತ್ತು. ಟೀಚರಮ್ಮ ಬಾಯಿ ತೆರೆಯುವುದರೊಳಗೆ ಮಸಿ ಹಿಡಿದ ಬಲ್ಬನ್ನು ಎತ್ತಿಕೊಂಡರು, ಬಲಗಿವಿಗೆ ಇಟ್ಟರು, ಉಗುರಿನಿಂದ ಹೊಡೆದರು.

"ಇವಳೇ!" ಭಾವನ ಗಡ್ಡದ ಮೇಲೆ ಕಣ್ಣೀರು ಇಳಿಯಿತು. "ಇವಳೇ ನನ್ನ ಅಜ್ಜಿ! ನಲವತ್ತೊಂದು ವರ್ಷದಿಂದ ಕೇಳಿದ ದನಿ. ಸಾವಿರ ಬಲ್ಬಿನಲ್ಲಿ ಇಟ್ರೂ ಗುರುತು ಹಿಡೀತೀನಿ!"

ಕೋಣೆಯೆಲ್ಲ ಕೇಕೆ. ಭಾವ ಒಂದು ಕೈಯಲ್ಲಿ ಬಲ್ಬು ಹಿಡಿದು ಇನ್ನೊಂದರಲ್ಲಿ ಗಾಳಿಯಕ್ಕನ ಕಿವಿ ಹಿಂಡಿದರು, ಹಿಂಡಿದ ಕಿವಿಯನ್ನೇ ಸವರಿದರು. "ಮಲಗಿದ್ದವನನ್ನ ಎಬ್ಬಿಸಿ ಕೇಳೋಕಾಗ್ಲಿಲ್ವೇನೇ?" ಎಂದುಬಿಟ್ಟರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ನಗು ಚಾವಣಿಗೆ ಮುಟ್ಟಿತು.

"ದೂರಿನ ಕಾಗದ ಹರಿದು ಹಾಕ್ದೆ!" ಎಂದು ಮ್ಯಾನೇಜರ್ ಕೂಗಿ, ನಿಜವಾಗಿಯೂ ಹರಿದರು. "ನಾಳೆ ಅಜ್ಜಿ ಪಕ್ಕದಲ್ಲಿ ನೀವೇ ನಿಲ್ಬೇಕು. ಪರೀಕ್ಷಕರು ಬರ್ತಾರೆ, ಬುರುಡೆ ಅಳೀತಾರೆ, ಎಳೆ ಅಳೀತಾರೆ, ಏನು ಬೇಕಾದ್ರೂ ಅಳೀಲಿ! ಇವಳು ಅಸಲಿ ಅಂತ ಮೊದಲ ಸಹಿ ನಿಮ್ಮದೇ!"

ಟೀಚರಮ್ಮ ತೊಡೆಯ ಮೇಲಿನ ಮೀಟರನ್ನು ನೋಡಿದರು. ಎಳೆ ಅಳೀತಾರೆ. ಭಾವ ನಲವತ್ತೊಂದು ವರ್ಷದ ಮರ್ಯಾದೆಯನ್ನು ಒತ್ತೆಯಿಟ್ಟು ಸಹಿ ಹಾಕುತ್ತಾರೆ, ಅದಾದ ಐದೇ ನಿಮಿಷಕ್ಕೆ ಪರೀಕ್ಷಕರ ಮೀಟರು ಅವರನ್ನು ಜಗತ್ತಿನ ಮುಂದೆ ಸುಳ್ಳುಗಾರನನ್ನಾಗಿ ಮಾಡುತ್ತದೆ. ಇವತ್ತಿನ ದೂರಾದರೂ ಊರಿನೊಳಗೇ ಉಳಿಯುತ್ತಿತ್ತು.

ಹೇಳಬೇಕು. ಆದರೆ ಭಾವನ ಮುಖ ನೋಡಿ ಅವರ ಬಾಯಿಯೂ ಕಟ್ಟಿಹೋಯಿತು. ಗಾಳಿಯಕ್ಕನ ಪಾಡು ಈಗ ಅರ್ಥವಾಯಿತು.

ಗದ್ದಲದ ಅಂಚಿನಲ್ಲಿ ಅಕ್ಕ ನಿಂತಿದ್ದಳು. ಖಾಲಿ ಡಬ್ಬಿ ಒಯ್ಯಲು ಬಂದವಳು. ಅವಳು ಬಲ್ಬನ್ನು ನೋಡಲಿಲ್ಲ, ಕುಣಿಯುತ್ತಿದ್ದ ಗಂಡನನ್ನೂ ನೋಡಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ನೇರವಾಗಿ ತಂಗಿಯ ಪಕ್ಕಕ್ಕೆ ಬಂದಳು, ತೊಡೆಯ ಮೇಲಿದ್ದ ಮೀಟರನ್ನು ನೋಡಿದಳು.

"ಎಷ್ಟು ತೋರಿಸ್ತು?" ಎಂದು ಪಿಸುಗುಟ್ಟಿದಳು.

ಅಳೆದದ್ದನ್ನು ಟೀಚರಮ್ಮ ಯಾರಿಗೂ ಹೇಳಿರಲಿಲ್ಲ.

"ನೂರ ಹದಿನೆಂಟು."

"ಅಷ್ಟೇ ಬರ್ಬೇಕು," ಎಂದಳು ಅಕ್ಕ. "ಆ ಎಳೆ ಕೂರಿಸಿದ್ದು ನಾನು. ಮದುವೆಗೆ ಹಿಂದಿನ ವರ್ಷ. ಆಗಷ್ಟೇ ಅವರ ಕೈಗೆ ಬೀಗದ ಕೈ ಬಂದಿತ್ತು, ಅಜ್ಜಿ ಮಿಣುಕ್ತಾ ಇದ್ಲು. ಕಾವಲಿಗೆ ನಿಂತ ವರ್ಷವೇ ದೀಪ ಆರಿಸಿದವನು ಅಂತ ಅವರಿಗೆ ಹೆಸರು ಬರ್ಬಾರ್ದು ಅಂತ, ಅಂಥದ್ದೇ ಬುರುಡೆಗೆ ಎಳೆ ಕೂರಿಸಿ, ಯಾರಿಗೂ ಹೇಳ್ದೆ ಬಲ್ಬನ್ನೇ ಬದಲಾಯಿಸ್ದೆ. ಅವರಿಗೂ ಹೇಳಿಲ್ಲ."

ಅತ್ತ ಭಾವ ಆ ಬಲ್ಬನ್ನು ತಮ್ಮ ಅಂಗಿಯ ತುದಿಯಿಂದ ಒರೆಸುತ್ತಿದ್ದರು. ನಲವತ್ತು ವರ್ಷ ದಿನಾ ಬೆಳಿಗ್ಗೆ ಅಜ್ಜಿಯೆಂದು ಪ್ರೀತಿಯಿಂದ ಒರೆಸಿದ್ದು ಹೆಂಡತಿಯ ಕೈಕೆಲಸವನ್ನು. ಟೀಚರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿದರು.

"ಸರಿ, ಆಗಿದ್ದು ಆಯ್ತು. ಅಜ್ಜೀನ ಏನ್ಮಾಡಿದೆ? ಎಲ್ಲಿಟ್ಟಿದ್ದೀಯ? ಹೇಳು, ಈಗಲೇ ಹೋಗಿ ತರೋಣ. ನಾಳೆ ಹನ್ನೊಂದರ ತನಕ ಟೈಮಿದೆ."

ಅಕ್ಕ ಗಂಡನ ಕಡೆಗೊಮ್ಮೆ ನೋಡಿದಳು. ಆಮೇಲೆ ತಂಗಿಯ ಕಿವಿಗೆ ಬಾಯಿ ತಂದಳು.

"ಎಲ್ಲಿಂದ ತರ್ಲಿ ಕಣೇ? ಅದರೊಳಗೂ ಲೋಹದ ಎಳೆಯೇ ಇತ್ತು. ಅವತ್ತು ನಾನು ಇಳಿಸಿದ್ದೂ ಅಜ್ಜಿ ಅಲ್ಲ."